ಮೊದಲು ಸ್ವೆಟರ್ ಮೇಲೆತ್ತಿ ನೋಡಿ

ಪ್ರಶ್ನೆ: ಮೂಡಿಗೆರೆ ತಾಲ್ಲೂಕಿನ ಕಾಫಿ ತೋಟಗಳ ನಡುವೆ ಪುಟ್ಟ ಶಿಶುವಿಹಾರ ನಡೆಸುತ್ತಿದ್ದೇನೆ. ಒಂದೂವರೆ ವರ್ಷದಿಂದ ಐದು ವರ್ಷದವರೆಗಿನ 22 ಮಕ್ಕಳಿದ್ದಾರೆ. ನೋಡಿಕೊಳ್ಳಲು ನಾನು ಮತ್ತು ಒಬ್ಬ ಸಹಾಯಕಿ. ಕೊಯ್ಲಿನ ತಿಂಗಳುಗಳಲ್ಲಿ ತಾಯಂದಿರು ಜ್ವರದ ಮಗುವಿಗೆ ಬೆಳಿಗ್ಗೆ ಸಿರಪ್ ಕುಡಿಸಿ ಬಿಟ್ಟು ಹೋಗುತ್ತಾರೆ. ಹನ್ನೊಂದು ಗಂಟೆಯ ಹೊತ್ತಿಗೆ ಮೈ ಮತ್ತೆ ಸುಡತೊಡಗುತ್ತದೆ. ಫೋನ್ ಮಾಡಿದರೆ ತೋಟದೊಳಗೆ ಸಿಗ್ನಲ್ ಇರುವುದಿಲ್ಲ. ಹೋದ ತಿಂಗಳು ಒಂದು ಮಗುವಿಗೆ ಜ್ವರದಲ್ಲೇ ಫಿಟ್ಸ್ ಬಂತು, ನನಗೆ ಕೈಕಾಲೇ ಆಡಲಿಲ್ಲ. ಯಾವ ಕಾಯಿಲೆಯನ್ನು ಹೇಗೆ ಗುರುತಿಸುವುದು, ಯಾವ ಮಗುವನ್ನು ಮನೆಗೆ ಕಳಿಸುವುದು, ಯಾವ ಮಗುವನ್ನು ಇಟ್ಟುಕೊಳ್ಳುವುದು, ದಯವಿಟ್ಟು ತಿಳಿಸಿ.

ಉತ್ತರ: ನೀವು ಹೊತ್ತಿರುವ ಭಾರದಲ್ಲಿ ಒಂದನ್ನು ಮೊದಲೇ ಇಳಿಸಿಬಿಡುತ್ತೇನೆ. ಕಾಯಿಲೆಗೆ ಹೆಸರಿಡುವುದು ನಿಮ್ಮ ಕೆಲಸವಲ್ಲ. ಹಾಸನದಲ್ಲಿ ಇಷ್ಟು ವರ್ಷ ಮಕ್ಕಳನ್ನು ನೋಡಿದ ಮೇಲೂ ಮೊದಲ ದಿನದ ಜ್ವರ ಯಾವುದರದ್ದೆಂದು ಎಷ್ಟೋ ಸಲ ನನಗೇ ಹೇಳಲಾಗುವುದಿಲ್ಲ. ಎರಡು ದಿನ ಕಾಯುತ್ತೇನೆ, ಮೂತ್ರ, ರಕ್ತ ಪರೀಕ್ಷೆ ಮಾಡಿಸುತ್ತೇನೆ. ಆದರೆ ನನಗೆ ಗೊತ್ತಿಲ್ಲದ ಸಂಗತಿಯೊಂದು ನಿಮಗೆ ಗೊತ್ತಿರುತ್ತದೆ. ಆ ಮಗು ನಿನ್ನೆ ಹೇಗಿತ್ತು, ಯಾವ ಆಟಿಕೆಗಾಗಿ ದಿನವೂ ಜಗಳವಾಡುತ್ತದೆ, ಉಪ್ಪಿಟ್ಟು ಹಾಕಿದರೆ ಎಷ್ಟು ತಿನ್ನುತ್ತದೆ ಎಂಬುದನ್ನು ನೀವು ಬಲ್ಲಿರಿ. ನನ್ನ ಕೊಠಡಿಗೆ ಬಂದ ಮಗು ನನ್ನ ಮುಖ ಕಂಡೇ ಅಳಲು ಶುರುಮಾಡಿರುತ್ತದೆ. "ಡಾಕ್ಟರೇ, ಮಗು ಇವತ್ತು ದಿನದ ಹಾಗಿಲ್ಲ" ಎಂದು ಅಂಗನವಾಡಿಯ ಟೀಚರೊಬ್ಬರು ಹೇಳಿದರೆ, ಥರ್ಮಾಮೀಟರಿನ ಅಂಕಿಗಿಂತ ಆ ಮಾತಿಗೆ ನಾನು ಹೆಚ್ಚು ಬೆಲೆ ಕೊಡುತ್ತೇನೆ.

ಆದ್ದರಿಂದ ನಾಲ್ಕು ಸಂಗತಿ ನೋಡಿ. ಉಸಿರು ಹೇಗಿದೆ? ಕೊಟ್ಟದ್ದನ್ನು ಕುಡಿಯುತ್ತಿದೆಯೇ? ಮೂತ್ರ ಮಾಡಿದೆಯೇ? ಕರೆದರೆ ಮುಖ ನೋಡುತ್ತದೆಯೇ? ಈ ನಾಲ್ಕೂ ಸರಿಯಿದ್ದರೆ, 102 ಡಿಗ್ರಿ ಜ್ವರವಿದ್ದರೂ ತಾಯಿ ಬರುವವರೆಗೆ ನಿಮಗೆ ಸಮಯವಿದೆ. ನಾಲ್ಕರಲ್ಲಿ ಒಂದು ಕೆಟ್ಟಿದ್ದರೂ, ಮೈ ತಣ್ಣಗಿದ್ದರೂ ಸರಿ, ಸಂಜೆಯವರೆಗೆ ಕಾಯಬೇಡಿ.

ಉಸಿರಿನ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಮಲೆನಾಡಿನ ಮಕ್ಕಳು ಆಸ್ಪತ್ರೆಗೆ ತಡವಾಗಿ ಬರುವುದು ಹೆಚ್ಚಾಗಿ ಇದರಲ್ಲೇ. ಬಿಡದೆ ಸುರಿಯುವ ಮಳೆ, ವಾರವಾದರೂ ಒಣಗದ ಬಟ್ಟೆ, ಒಲೆಯ ಹೊಗೆ ತುಂಬಿದ, ತೋಟದ ಕಾರ್ಮಿಕರ ಲೈನ್ ಮನೆ. ಮಗುವಿಗೆ ಎರಡು ಸ್ವೆಟರ್, ತಲೆಗೆ ಕುಲಾವಿ, ಮೇಲೊಂದು ಶಾಲು. ಅದರೊಳಗೆ ಎದೆ ಪಡುತ್ತಿರುವ ಪಾಡು ಯಾರ ಕಣ್ಣಿಗೂ ಬೀಳುವುದಿಲ್ಲ. ಒಮ್ಮೆ ಸಕಲೇಶಪುರದ ಕಡೆಯಿಂದ ಎರಡು ವರ್ಷದ ಹುಡುಗನನ್ನು ಕರೆತಂದಿದ್ದರು. "ಬರೀ ನೆಗಡಿ, ಈಗ ನಿದ್ದೆ ಬಂದಿದೆ" ಎಂದರು ಅಜ್ಜಿ. ನಾನು ಸ್ವೆಟರ್ ಮೇಲೆತ್ತಿದೆ. ಒಂದೊಂದು ಉಸಿರಿಗೂ ಪಕ್ಕೆಲುಬಿನ ಕೆಳಗೆ ಹಳ್ಳ ಬೀಳುತ್ತಿತ್ತು, ಒಳಗಿನಿಂದ ಯಾರೋ ದಾರ ಕಟ್ಟಿ ಜಗ್ಗಿದ ಹಾಗೆ. ಮೂಗಿನ ಹೊಳ್ಳೆಗಳು ಅರಳಿ ಅರಳಿ ಮುಚ್ಚುತ್ತಿದ್ದವು. ಎಣಿಸಿದರೆ ನಿಮಿಷಕ್ಕೆ 58. ಅಜ್ಜಿ ನಿದ್ದೆ ಎಂದುಕೊಂಡದ್ದು ಉಸಿರಾಡಿ ಉಸಿರಾಡಿ ಬಂದ ಸುಸ್ತು. ಅವನನ್ನು ಕೂಡಲೇ ಆಮ್ಲಜನಕಕ್ಕೆ ಹಾಕಿದೆವು, ಐದನೆಯ ದಿನ ಮನೆಗೆ ಹೋದ. ಅರ್ಧ ದಿನ ಮೊದಲು ಯಾರಾದರೂ ಆ ಸ್ವೆಟರ್ ಎತ್ತಿ ನೋಡಿದ್ದರೆ ಅವನಿಗೆ ಅಷ್ಟು ಕಷ್ಟವಿರುತ್ತಿರಲಿಲ್ಲ.

ಎಣಿಸುವುದು ಹೀಗೆ. ಮಗು ಅಳುತ್ತಿರಬಾರದು. ಮಡಿಲಲ್ಲಿ ಸುಮ್ಮನಿರುವಾಗಲೋ ಮಲಗಿರುವಾಗಲೋ ಹೊಟ್ಟೆ, ಎದೆ ಕಾಣುವಂತೆ ಬಟ್ಟೆ ಸರಿಸಿ. ಮೊಬೈಲಿನಲ್ಲಿ ಸಮಯ ಇಟ್ಟು ಪೂರ್ತಿ ಒಂದು ನಿಮಿಷ ಎಣಿಸಿ. ಕಾಲು ನಿಮಿಷ ಎಣಿಸಿ ನಾಲ್ಕರಿಂದ ಗುಣಿಸಿದರೆ ಲೆಕ್ಕ ತಪ್ಪುತ್ತದೆ, ಏಕೆಂದರೆ ಸಣ್ಣ ಮಕ್ಕಳ ಉಸಿರು ಒಂದೇ ಹದದಲ್ಲಿ ಇರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 2 ತಿಂಗಳು ತುಂಬಿ ವರ್ಷ ತುಂಬದ ಕೂಸಿಗೆ ನಿಮಿಷಕ್ಕೆ 50, ಒಂದರಿಂದ ಐದು ವರ್ಷದವರಿಗೆ 40. ಅಷ್ಟು ಮುಟ್ಟಿದರೆ ಅಥವಾ ದಾಟಿದರೆ ಅದು ವೇಗದ ಉಸಿರು. ಕೆಮ್ಮು, ನೆಗಡಿಯ ಜೊತೆ ವೇಗದ ಉಸಿರಿದ್ದರೆ ಆ ದಿನವೇ ವೈದ್ಯರು ನೋಡಬೇಕು. ಎದೆಯ ಕೆಳಗೆ ಹಳ್ಳ ಬೀಳುತ್ತಿದ್ದರೆ, ಉಸಿರಿಗೊಮ್ಮೆ ನರಳುತ್ತಿದ್ದರೆ, ತುಟಿ ನೀಲಿಗಟ್ಟಿದ್ದರೆ, ಒಂದು ಗುಟುಕೂ ಕುಡಿಯಲಾಗದಿದ್ದರೆ ಕೂಡಲೇ 108ಕ್ಕೆ ಕರೆ ಮಾಡಿ. ಆಂಬುಲೆನ್ಸ್ ಬರುವುದು ತಡವೆನಿಸಿದರೆ ತೋಟದ ಜೀಪನ್ನಾದರೂ ಹೊರಡಿಸಿ.

ಇವು ಯಾವುವೂ ಇಲ್ಲದ ಸಾದಾ ನೆಗಡಿಗೆ ಮಗುವನ್ನು ಮನೆಗೆ ಕಳಿಸಬೇಕಾಗಿಲ್ಲ. ಶಿಶುವಿಹಾರಕ್ಕೆ ಹೊಸದಾಗಿ ಸೇರಿದ ಮಗುವಿಗೆ ವರ್ಷಕ್ಕೆ ಏಳೆಂಟು ಸಲ ನೆಗಡಿಯಾಗುವುದು ಸಾಮಾನ್ಯ. ಸಿಂಬಳ ಹಸಿರಾಯಿತು ಎಂದ ಮಾತ್ರಕ್ಕೆ ಆ್ಯಂಟಿಬಯೋಟಿಕ್ ಬೇಕೆಂದೂ ಅಲ್ಲ. ಕೆಮ್ಮಿನ ಸಿರಪ್ಪನ್ನಂತೂ ನಿಮ್ಮ ಕಪಾಟಿನಲ್ಲಿ ಇಡಲೇಬೇಡಿ. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾರಾದಲ್ಲಿ ಡೈಎಥಿಲೀನ್ ಗ್ಲೈಕಾಲ್ ಬೆರೆತ ಕೆಮ್ಮಿನ ಸಿರಪ್ ಕುಡಿದು ಪುಟ್ಟ ಮಕ್ಕಳು ಮೂತ್ರಪಿಂಡ ಕೆಟ್ಟು ಸತ್ತರು. ಆ ವಿಷದ ಮಾತು ಹಾಗಿರಲಿ, ಶುದ್ಧವಾಗಿರುವ ಸಿರಪ್ಪಿನಿಂದಲೂ ಈ ವಯಸ್ಸಿನವರಿಗೆ ಹೇಳಿಕೊಳ್ಳುವಂಥ ಪ್ರಯೋಜನವಿಲ್ಲ. ವರ್ಷ ತುಂಬಿದ ಮಗುವಿಗೆ ಅರ್ಧ ಚಮಚ ಜೇನುತುಪ್ಪ, ಬೆಚ್ಚಗಿನ ನೀರು ಸಾಕು. ವರ್ಷದೊಳಗಿನ ಕೂಸಿಗೆ ಜೇನು ಬೇಡ. ಕೊಬ್ಬರಿ ಎಣ್ಣೆಗೆ ಕರ್ಪೂರ ಹಾಕಿ ಎದೆಗೆ ತಿಕ್ಕುವ ರೂಢಿ ನಮ್ಮ ಮನೆಗಳಲ್ಲಿ ಬಹಳ ಇದೆ. ಪ್ರೀತಿಯಿಂದಲೇ ಮಾಡುತ್ತಾರೆ. ಆದರೆ ಕರ್ಪೂರ ಚರ್ಮದ ಮೂಲಕವೂ ಒಳಗೆ ಸೇರಿ ಸಣ್ಣ ಮಕ್ಕಳಲ್ಲಿ ಫಿಟ್ಸ್ ತರಬಲ್ಲದು. ತಾಯಂದಿರಿಗೆ ಇದನ್ನು ಮೆಲ್ಲಗೆ ತಿಳಿಸಿ.

ಇನ್ನು ಬೆಳಗಿನ ಸಿರಪ್. ಇದಕ್ಕಾಗಿ ತಾಯಂದಿರನ್ನು ಗದರಿಸಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಕೊಯ್ಲಿನ ಕಾಲದಲ್ಲಿ ಒಂದು ದಿನ ತಪ್ಪಿದರೆ ಆ ದಿನದ ಕೂಲಿ ಹೋಯಿತು, ಅದು ಅವರ ತಪ್ಪಲ್ಲ. ಗದರಿಸಿದರೆ ನಾಳೆಯಿಂದ ಸಿರಪ್ ಕುಡಿಸಿದ್ದನ್ನೇ ಮುಚ್ಚಿಡುತ್ತಾರೆ. ಆಗ ಎಂಟಕ್ಕೆ ತಾಯಿ ಒಮ್ಮೆ, ಹತ್ತಕ್ಕೆ ನೀವೊಮ್ಮೆ, ಹೀಗೆ ಒಂದೇ ಔಷಧ ಎರಡು ಪಟ್ಟು ಹೊಟ್ಟೆಗೆ ಹೋಗುತ್ತದೆ. ಅದರ ಬದಲು ಬಾಗಿಲ ಬಳಿ ಒಂದು ನೋಟ್‌ಬುಕ್ ಇಟ್ಟು ದಿನವೂ ಎಲ್ಲರನ್ನೂ ಒಂದೇ ದನಿಯಲ್ಲಿ ಕೇಳಿ: ರಾತ್ರಿ ಜ್ವರ ಬಂದಿತ್ತೇ, ಏನು ಕೊಟ್ಟಿರಿ, ಎಷ್ಟು ಗಂಟೆಗೆ, ಎಷ್ಟು ಅಳತೆ? ಬಾಟಲಿಯನ್ನೂ ತಂದು ತೋರಿಸಲು ಹೇಳಿ.

ಬಾಟಲಿ ನೋಡಲೇಬೇಕಾದದ್ದು ಏಕೆಂದರೆ ಪ್ಯಾರಾಸಿಟಮಾಲ್ ಒಂದೇ ಶಕ್ತಿಯಲ್ಲಿ ಸಿಗುವುದಿಲ್ಲ. ಕೆಲವು ಬಾಟಲಿಗಳಲ್ಲಿ 5 ಮಿ.ಲೀ.ಗೆ 120 ಅಥವಾ 125 ಮಿಲಿಗ್ರಾಂ, ಕೆಲವುದರಲ್ಲಿ 250. ಕೂಸುಗಳ ಡ್ರಾಪ್ಸ್‌ನಲ್ಲಿ ಒಂದೇ ಮಿ.ಲೀ.ಗೆ 100. ಡೋಸ್ ತೂಕದ ಮೇಲೆ ನಿಲ್ಲುತ್ತದೆ, ಕಿಲೋಗೆ ಸುಮಾರು 15 ಮಿಲಿಗ್ರಾಂ. ಹತ್ತು ಕಿಲೋ ಮಗುವಿಗೆ 150 ಮಿಲಿಗ್ರಾಂ ಬೇಕು. ಅದು 250ರ ಬಾಟಲಿಯಿಂದ 3 ಮಿ.ಲೀ., ಡ್ರಾಪ್ಸ್‌ನಿಂದ ಒಂದೂವರೆ ಮಿ.ಲೀ. ಅದೇ ಡ್ರಾಪ್ಸನ್ನು ಸಿರಪ್ ಎಂದುಕೊಂಡು ಒಂದು ಚಮಚ ಕುಡಿಸಿದರೆ 500 ಮಿಲಿಗ್ರಾಂ ಹೋದ ಹಾಗಾಯಿತು. ಎರಡು ಡೋಸಿನ ನಡುವೆ ಕನಿಷ್ಠ 4 ಗಂಟೆ, ವಾಡಿಕೆಗೆ 6 ಗಂಟೆ ಅಂತರವಿರಲಿ, ದಿನಕ್ಕೆ ನಾಲ್ಕು ಸಲ ಮೀರಬಾರದು. ವೈದ್ಯರ ಚೀಟಿ ಮತ್ತು ಹೆತ್ತವರ ಒಪ್ಪಿಗೆ ಬರಹದಲ್ಲಿ ಇಲ್ಲದೆ ನೀವಾಗಿ ಯಾವ ಔಷಧವನ್ನೂ ಕೊಡಬೇಡಿ.

ಜ್ವರ ಎಂದರೆ 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಅದಕ್ಕಿಂತ ಹೆಚ್ಚು. ಅಂಗೈ ಇಟ್ಟು ನೋಡುವುದು ಸಾಲದು, ಡಿಜಿಟಲ್ ಥರ್ಮಾಮೀಟರ್ ಒಂದು ಇರಲಿ. ಮೈ ಕಾದ ಮಗುವಿನ ಹೆಚ್ಚುವರಿ ಸ್ವೆಟರ್ ಬಿಚ್ಚಿ, ತೆಳುವಾದ ಹತ್ತಿ ಬಟ್ಟೆ ಉಳಿಸಿ, ಪದೇ ಪದೇ ನೀರು ಕುಡಿಸಿ. ತಣ್ಣೀರಿನಲ್ಲಿ, ಮಂಜುಗಡ್ಡೆಯಲ್ಲಿ ಒರೆಸಿದರೆ ಮಗು ನಡುಗಿ ಮೈ ಇನ್ನಷ್ಟು ಕಾಯುತ್ತದೆ. ಜ್ವರದ ಜೊತೆ ಕುತ್ತಿಗೆ ಬಗ್ಗಿಸಲು ಆಗದಿದ್ದರೆ, ಎಬ್ಬಿಸಿದರೂ ಏಳದಿದ್ದರೆ, ಒತ್ತಿದರೂ ಮಾಸದ ಕೆಂಪು ಅಥವಾ ನೇರಳೆ ಚುಕ್ಕೆ ಮೈಮೇಲೆ ಕಂಡರೆ ಒಂದು ಕ್ಷಣವೂ ತಡೆಯಬೇಡಿ.

ಮಳೆಗಾಲದಲ್ಲಿ ಡೆಂಗಿಯ ಭಯ ಬೇರೆ. 2024ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ ಅದನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿತ್ತು. ಇದರಲ್ಲಿ ಮೋಸ ಹೋಗುವುದು ಜ್ವರ ಇಳಿದ ದಿನ. ಮೂರು ನಾಲ್ಕು ದಿನ ಸುಟ್ಟ ಮೈ ತಣ್ಣಗಾಯಿತೆಂದು ತಾಯಿ ಸಮಾಧಾನದಿಂದ ಮಗುವನ್ನು ತಂದು ಬಿಡುತ್ತಾಳೆ, ಆದರೆ ರಕ್ತನಾಳದಿಂದ ನೀರು ಸೋರುವ ಅಪಾಯ ಶುರುವಾಗುವುದೇ ಆಗ. ಹೊಟ್ಟೆ ನೋವು, ಬಿಡದ ವಾಂತಿ, ಒಸಡಿನಲ್ಲಿ ರಕ್ತ, ತಣ್ಣಗಾದ ಕೈಕಾಲು, ತೂಕಡಿಕೆ ಕಂಡರೆ ಆಸ್ಪತ್ರೆಗೆ ಕಳಿಸಿ. ಡೆಂಗಿಯ ಅನುಮಾನವಿರುವಾಗ ಐಬುಪ್ರೊಫೇನ್, ಮೆಫೆನಾಮಿಕ್ ಆಸಿಡ್ ಎಂಬ ಜ್ವರದ ಔಷಧಗಳನ್ನು ಕೊಡಬಾರದು. ಆ ಸೊಳ್ಳೆ ಹಗಲು ಕಚ್ಚುವಂಥದ್ದು, ಹಾಗಾಗಿ ಮಧ್ಯಾಹ್ನ ಮಕ್ಕಳು ಮಲಗುವಾಗಲೂ ಪರದೆ ಬೇಕು. ಕೊಪ್ಪ, ನರಸಿಂಹರಾಜಪುರದ ಕಡೆಯವರು ಬೇಸಿಗೆಯಲ್ಲಿ ಮಂಗನ ಕಾಯಿಲೆಯನ್ನೂ ನೆನಪಿಡಬೇಕು. ಕಾಡಿಗೆ ದರಗು ತರಲು ಹೋದವರ ಬಟ್ಟೆಯಲ್ಲಿ ಅದನ್ನು ಹರಡುವ ಉಣುಗು ಮನೆಯವರೆಗೂ ಬರುತ್ತದೆ.

ವಾಂತಿ, ಭೇದಿಗೆ ಓಆರ್‌ಎಸ್‌ಗಿಂತ ದೊಡ್ಡ ಔಷಧವಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ್ದು ಎಂದು ಬರೆದಿರುವ, ಒಂದು ಲೀಟರಿನ ಪ್ಯಾಕೆಟ್ ಆರಿಸಿ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ಆಶಾ ಕಾರ್ಯಕರ್ತೆಯರ ಬಳಿ ಉಚಿತವಾಗಿ ಸಿಗುತ್ತದೆ. ಇಡೀ ಪ್ಯಾಕೆಟನ್ನು ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಹಾಕಿ. "ಈ ಪುಟ್ಟ ಮಗುವಿಗೆ ಅಷ್ಟೇಕೆ" ಎಂದು ಒಂದು ಲೋಟ ನೀರಿಗೆ ಕಾಲು ಪ್ಯಾಕೆಟ್ ಅಂದಾಜಿನಲ್ಲಿ ಹಾಕುವುದು ಬೇಡ, ಉಪ್ಪು ಹೆಚ್ಚಾದರೆ ಅದೇ ಅಪಾಯ. 24 ಗಂಟೆಯಲ್ಲಿ ಉಳಿದದ್ದನ್ನು ಚೆಲ್ಲಿ. ಪ್ರತಿ ಸಲ ಭೇದಿಯಾದ ಮೇಲೆ ಎರಡು ವರ್ಷದೊಳಗಿನವರಿಗೆ 50ರಿಂದ 100 ಮಿ.ಲೀ., ದೊಡ್ಡವರಿಗೆ 100ರಿಂದ 200 ಮಿ.ಲೀ. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಚಮಚ ಚಮಚವಾಗಿ ಮತ್ತೆ ಶುರುಮಾಡಿ. ಅಂಗಡಿಯ ಪೆಟ್ಟಿಗೆಯಲ್ಲಿ ಬರುವ ಹಣ್ಣಿನ ರುಚಿಯ ಸಿಹಿ ಪಾನೀಯ ಓಆರ್‌ಎಸ್ ಅಲ್ಲ, ಅದರ ಸಕ್ಕರೆ ಭೇದಿಯನ್ನು ಹೆಚ್ಚಿಸುತ್ತದೆ. ಆರು ತಿಂಗಳು ದಾಟಿದ ಮಗುವಿಗೆ ದಿನಕ್ಕೆ 20 ಮಿಲಿಗ್ರಾಂ ಜಿಂಕ್ 14 ದಿನ ಕೊಡಬೇಕು, ಭೇದಿ ನಿಂತರೂ ನಿಲ್ಲಿಸದಂತೆ ತಾಯಿಗೆ ಹೇಳಿ. ಊಟ ಕಟ್ಟುಮಾಡಬೇಡಿ. ಗಂಜಿ, ಮೊಸರನ್ನ, ಬಾಳೆಹಣ್ಣು, ಎದೆಹಾಲು ಎಲ್ಲವೂ ಇರಲಿ. ಕಣ್ಣು ಗುಳಿ ಬಿದ್ದಿದ್ದರೆ, ಅತ್ತರೂ ಕಣ್ಣೀರು ಬಾರದಿದ್ದರೆ, ಹೊಟ್ಟೆಯ ಚರ್ಮ ಚಿವುಟಿ ಬಿಟ್ಟಾಗ ಮೆಲ್ಲಗೆ ಇಳಿದರೆ, ಆರು ಗಂಟೆ ಕಾಲ ಮೂತ್ರವಿಲ್ಲದಿದ್ದರೆ, ಮಲದಲ್ಲಿ ರಕ್ತವಿದ್ದರೆ ಆಸ್ಪತ್ರೆಗೆ ಕಳಿಸಲೇಬೇಕು.

ಗುಳ್ಳೆ, ದದ್ದುಗಳಲ್ಲಿ ನಿಮಗೆ ಹೆಚ್ಚು ಎದುರಾಗುವುದು ಕೈ-ಕಾಲು-ಬಾಯಿ ರೋಗ. ಅಂಗೈ, ಅಂಗಾಲು, ಪೃಷ್ಠದ ಮೇಲೆ ಚಿಕ್ಕ ಗುಳ್ಳೆ, ಬಾಯೊಳಗೆ ಹುಣ್ಣು. 2022ರಲ್ಲಿ ಕೇರಳದಿಂದ "ಟೊಮ್ಯಾಟೊ ಜ್ವರ" ಎಂದು ಸುದ್ದಿಯಾದದ್ದು ಇದೇ ಗುಂಪಿನದ್ದು. ಬಹುತೇಕ ಮಕ್ಕಳಲ್ಲಿ ಏಳರಿಂದ ಹತ್ತು ದಿನದಲ್ಲಿ ತಾನೇ ಹೋಗುತ್ತದೆ. ಕಷ್ಟವಿರುವುದು ನುಂಗುವುದರಲ್ಲಿ. ತಣ್ಣಗಿನ ರಾಗಿ ಅಂಬಲಿ, ಹುಳಿಯಿಲ್ಲದ ಮಜ್ಜಿಗೆ ಒಳಗೆ ಹೋದರೆ ಗೆದ್ದ ಹಾಗೆ. ಕೆಲವು ವಾರ ಬಿಟ್ಟು ಒಂದೆರಡು ಉಗುರು ಕಳಚಿ ಬೀಳಬಹುದು, ಹೊಸದು ಬರುತ್ತದೆ, ಹೆದರಬೇಡಿ. ಈ ವೈರಸ್ ಮಲದಲ್ಲಿ ವಾರಗಟ್ಟಲೆ ಇರುತ್ತದೆ. ಸ್ಯಾನಿಟೈಸರ್ ಇದಕ್ಕೆ ಅಷ್ಟಾಗಿ ಬಗ್ಗುವುದಿಲ್ಲ, ಸೋಪು ನೀರೇ ಬೇಕು. ಬಟ್ಟೆ ಬದಲಿಸಿದ ಮೇಲೆ, ಊಟ ಬಡಿಸುವ ಮುಂಚೆ ನಿಮ್ಮಿಬ್ಬರ ಕೈ ತೊಳೆದಿರಬೇಕು. ಮಕ್ಕಳ ಕೈಗಿಂತ ಮೊದಲು ನಾನು ನೋಡುವುದು ದೊಡ್ಡವರ ಕೈಯನ್ನೇ.

ಮೈಮೇಲೆ ಚಿಕನ್‌ಪಾಕ್ಸ್‌ನ ನೀರುಗುಳ್ಳೆ ಎದ್ದರೆ ನಮ್ಮಲ್ಲಿ "ಅಮ್ಮ ಬಂದಿದ್ದಾಳೆ" ಎನ್ನುತ್ತಾರೆ. ಬೇವಿನ ಸೊಪ್ಪು ಕಟ್ಟಲಿ, ಅದರಿಂದ ತೊಂದರೆಯಿಲ್ಲ. ಆದರೆ ಸ್ನಾನ, ಊಟ, ಔಷಧ ನಿಲ್ಲಿಸುವುದು ಬೇಡ, ಆಸ್ಪಿರಿನ್ ಕೊಡಲೇಬಾರದು. ಎಲ್ಲ ಗುಳ್ಳೆಗಳೂ ಒಣಗಿ ಹಕ್ಕಳೆಗಟ್ಟುವವರೆಗೆ ಆ ಮಗು ಮನೆಯಲ್ಲಿರಲಿ. ದಡಾರ ಇದಕ್ಕಿಂತ ಕೆಟ್ಟದ್ದು. ಜ್ವರ, ಕೆಮ್ಮು, ಕೆಂಪು ಕಣ್ಣು ಮೊದಲು ಬಂದು, ಆಮೇಲೆ ಕಿವಿಯ ಹಿಂದಿನಿಂದ ದದ್ದು ಇಳಿಯುತ್ತದೆ. ಇಂಥ ಮಗು ಕಂಡರೆ ಆ ದಿನವೇ ಆಶಾ ಕಾರ್ಯಕರ್ತೆಗೆ ತಿಳಿಸಿ. ದದ್ದು ಎದ್ದ ದಿನದಿಂದ ನಾಲ್ಕು ದಿನ ಬೇರೆ ಮಕ್ಕಳ ಬಳಿ ಬರಬಾರದು. ದಡಾರ-ರುಬೆಲ್ಲಾ ಲಸಿಕೆ 9 ತಿಂಗಳು ತುಂಬಿದಾಗ ಒಮ್ಮೆ, 16ರಿಂದ 24 ತಿಂಗಳ ನಡುವೆ ಇನ್ನೊಮ್ಮೆ. ಈಗ ನಮ್ಮ ತೋಟಗಳಿಗೆ ಅಸ್ಸಾಂನಿಂದ, ಜಾರ್ಖಂಡ್‌ನಿಂದ ಕುಟುಂಬಗಳು ಬರುತ್ತಿವೆ. ಊರು ಬದಲಿಸುವಾಗ ಎರಡನೆಯ ಡೋಸು ತಪ್ಪಿರುತ್ತದೆ. ಸೇರಿಸಿಕೊಳ್ಳುವ ದಿನವೇ ತಾಯಿ ಕಾರ್ಡ್ ಅಥವಾ ಅವರ ರಾಜ್ಯದ ಲಸಿಕೆ ಕಾರ್ಡ್ ತೆಗೆಸಿ ನೋಡಿ.

ಉಳಿದವನ್ನು ಚಿಕ್ಕದಾಗಿ ಹೇಳುತ್ತೇನೆ. ಮನೆಗೆ ಕಳಿಸಿದ ಮಗು ಮರಳಿ ಬರಬೇಕಾದರೆ ಭೇದಿ, ವಾಂತಿ ಪೂರ್ತಿ ನಿಂತು 48 ಗಂಟೆ ಆಗಿರಬೇಕು. ಔಷಧವಿಲ್ಲದೆ ಜ್ವರ ಬಿಟ್ಟು 24 ಗಂಟೆ ಆಗಿರಬೇಕು. ಮಂಗನಬಾವಿಗೆ ಊತ ಕಂಡ ಮೇಲೆ ಐದು ದಿನ. ಕಜ್ಜಿಗೆ ಮೊದಲ ಸಲ ಮುಲಾಮು ಹಚ್ಚಿದ ಮರುದಿನ ಬರಬಹುದು, ಆದರೆ ಮನೆಯವರೆಲ್ಲ ಒಂದೇ ದಿನ ಹಚ್ಚಿಕೊಳ್ಳದಿದ್ದರೆ ಅದು ತಿಂಗಳಲ್ಲಿ ಮರಳುತ್ತದೆ. ಹೇನಿಗಾಗಿ ಯಾವ ಮಗುವನ್ನೂ ಹೊರಗೆ ನಿಲ್ಲಿಸಬೇಡಿ.

ಕಳಿಸಬೇಕು ಎಂದಾಗ ತಾಯಿಗೆ ಸುದ್ದಿ ಮುಟ್ಟಿಸುವುದು ಹೇಗೆ? ಕೊಯ್ಲು ಶುರುವಾಗುವ ಮೊದಲೇ ತೋಟದ ಲೆಕ್ಕ ಬರೆಯುವ ರೈಟರ ಬಳಿ ಮಾತನಾಡಿ. ಯಾವ ತಾಯಿ ಆ ದಿನ ಯಾವ ಬ್ಲಾಕಿನಲ್ಲಿರುತ್ತಾಳೆಂದು ಅವರಿಗೆ ಗೊತ್ತಿರುತ್ತದೆ. ಅವರ ನಂಬರ್, ಜೀಪಿನ ಚಾಲಕನ ನಂಬರ್, ಆರೋಗ್ಯ ಕೇಂದ್ರದ ನಂಬರ್ ಗೋಡೆಯ ಮೇಲೆ ದೊಡ್ಡಕ್ಷರದಲ್ಲಿ ಇರಲಿ. ಜ್ವರದ ಮಗುವನ್ನು ಕರೆದುಕೊಂಡು ಹೋಗಲು ಬಂದ ತಾಯಿಗೆ ಅರ್ಧ ದಿನದ ಕೂಲಿ ಕಡಿಯಬೇಡಿ ಎಂದು ಮಾಲೀಕರನ್ನು ನಾನೂ ಕೇಳಿದ್ದೇನೆ. ಕೆಲವರು ಒಪ್ಪಿದ್ದಾರೆ. ನೀವೂ ಕೇಳಿ.

ಫಿಟ್ಸ್ ವಿಷಯವನ್ನು ಬೇಕೆಂದೇ ಕೊನೆಗೆ ಇಟ್ಟುಕೊಂಡೆ. ಆರು ತಿಂಗಳಿಂದ ಐದು ವರ್ಷದವರೆಗಿನ ಮಕ್ಕಳಲ್ಲಿ ನೂರಕ್ಕೆ ಎರಡರಿಂದ ಐದು ಮಕ್ಕಳಿಗೆ ಜ್ವರದ ಸೆಳೆತ ಬರುತ್ತದೆ. ನೋಡಲು ಭಯಂಕರ. ಕಣ್ಣು ಮೇಲೆ ಸಿಕ್ಕಿಕೊಳ್ಳುತ್ತದೆ, ಕೈಕಾಲು ಅದುರುತ್ತವೆ, ಬಾಯಲ್ಲಿ ನೊರೆ. ಆದರೆ ಬಹುಪಾಲು ಐದು ನಿಮಿಷದೊಳಗೆ ತಾನೇ ನಿಲ್ಲುತ್ತದೆ, ಮಿದುಳಿಗೆ ಪೆಟ್ಟಾಗುವುದಿಲ್ಲ. ಮೊದಲು ಗಡಿಯಾರ ನೋಡಿ. ಮಗುವನ್ನು ನೆಲದ ಮೇಲೆ ಒಂದು ಪಕ್ಕಕ್ಕೆ ಮಲಗಿಸಿ, ತಲೆಯ ಕೆಳಗೆ ಮಡಿಸಿದ ಬಟ್ಟೆ ಇಡಿ, ಕೊರಳಿನ ಗುಂಡಿ ಸಡಿಲಿಸಿ. ಹಿಡಿದು ಅದುಮಬೇಡಿ. ಕೈಗೆ ಕಬ್ಬಿಣದ ಬೀಗದ ಕೈ, ಮೂಗಿಗೆ ಈರುಳ್ಳಿ ಬೇಡ. ಬಾಯಿಗೆ ನೀರು, ಔಷಧ, ಚಮಚ, ಬೆರಳು ಏನನ್ನೂ ಹಾಕಬೇಡಿ. ನಾಲಿಗೆ ಕಚ್ಚಿಕೊಳ್ಳುತ್ತದೆಂದು ಹಲ್ಲಿನ ನಡುವೆ ಚಮಚ ತುರುಕಿ, ಮುರಿದ ಹಾಲುಹಲ್ಲು ಗಂಟಲಿಗೆ ಇಳಿದ ಮಗುವನ್ನು ನಾನು ನೋಡಿದ್ದೇನೆ. ಐದು ನಿಮಿಷ ದಾಟಿದರೆ, ನಿಂತ ಮೇಲೂ ಮಗು ಎಚ್ಚರಗೊಳ್ಳದಿದ್ದರೆ, ಅದೇ ದಿನ ಮತ್ತೆ ಬಂದರೆ, ದೇಹದ ಒಂದೇ ಪಕ್ಕ ಅದುರಿದರೆ 108. ಮೊದಲ ಸಲ ಬಂದದ್ದಾದರೆ ಬೇಗ ನಿಂತರೂ ಆ ದಿನವೇ ವೈದ್ಯರಿಗೆ ತೋರಿಸಬೇಕು. ಸಹಾಯಕಿಗೆ ಸಾಧ್ಯವಾದರೆ ದೂರದಿಂದ ಮೊಬೈಲಿನಲ್ಲಿ ವಿಡಿಯೊ ಮಾಡಲಿ, ನಮಗೆ ಅದರಿಂದ ಬಹಳ ಸಹಾಯವಾಗುತ್ತದೆ.

ಹೋದ ತಿಂಗಳು ಸೆಳೆತ ಬಂದ ಆ ಮಗುವನ್ನು ಈಗ ಬೇರೆಯಾಗಿ ಕೂರಿಸುತ್ತಿಲ್ಲ ತಾನೆ? ಕೇಳುವುದಕ್ಕೆ ಕಾರಣವಿದೆ. ಬಾಲಗ್ರಹವೆಂದು ಹೆದರಿ ಬೇರೆ ತಾಯಂದಿರು ತಮ್ಮ ಮಕ್ಕಳನ್ನು ಅದರ ಪಕ್ಕ ಕೂರಿಸಬೇಡಿ ಎನ್ನುವುದುಂಟು. ಅದು ಅಂಟುವುದಲ್ಲ. ಮೂರರಲ್ಲಿ ಒಂದು ಮಗುವಿಗೆ ಮುಂದಿನ ಯಾವುದೋ ಜ್ವರದಲ್ಲಿ ಇನ್ನೊಮ್ಮೆ ಬರಬಹುದು, ಐದಾರು ವರ್ಷ ತುಂಬುವಷ್ಟರಲ್ಲಿ ಬಹುತೇಕ ನಿಂತೇ ಹೋಗುತ್ತದೆ. ವೈದ್ಯರು ಸೆಳೆತ ನಿಲ್ಲಿಸಲು ಮೂಗಿಗೆ ಹಾಕುವ ಮಿಡಜೋಲಾಮ್ ಸ್ಪ್ರೇ ಬರೆದುಕೊಟ್ಟಿದ್ದಾರೆಯೇ ಎಂದು ಅದರ ತಾಯಿಯನ್ನು ಕೇಳಿ. ಕೊಟ್ಟಿದ್ದರೆ ಒಂದನ್ನು ಮಗುವಿನ ಹೆಸರು ಬರೆದು ನಿಮ್ಮ ಕಪಾಟಿನಲ್ಲಿ ಇಟ್ಟುಕೊಳ್ಳಿ, ಯಾವಾಗ ಎಷ್ಟು ಹಾಕಬೇಕೆಂದು ಚೀಟಿಯಲ್ಲಿ ಬರೆಸಿಕೊಳ್ಳಿ. ಮಗು ಮಾತ್ರ ಎಂದಿನ ಜಾಗದಲ್ಲಿ, ಎಂದಿನ ಗೆಳೆಯರ ಪಕ್ಕದಲ್ಲೇ ಕೂರಲಿ.